ಗೆದ್ದ ನೆಲದ ಜಮಾಖರ್ಚು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸಾಮ್ರಾಜ್ಯ ಬೆಳೆಸುವುದು ಲಾಭದ ಬಾಬತ್ತೋ ನಷ್ಟದ ಬಾಬತ್ತೋ ಎಂಬ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಮಾತನ್ನು ಹಲವರು ಕೇಳಿದ್ದ ಕಡೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಿಂದಿನ ರಾಜರು ದಂಡೆತ್ತಿ ಹೋಗುವ ಮೊದಲು ಲಾಭ-ನಷ್ಟ ನೋಡುತ್ತಿದ್ದರೇ, ಇಲ್ಲಾ ಕೀರ್ತಿಯ ಹುಚ್ಚಿಗೆ ಬಿದ್ದು ಹೊರಟುಬಿಡುತ್ತಿದ್ದರೇ? (ಪದವಿ ವಿದ್ಯಾರ್ಥಿನಿ)

ಉತ್ತರ: ಎರಡೂ ಇತ್ತು. ಆದರೆ ಲೆಕ್ಕ ಹಾಕುವ ಕ್ರಮ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಹಳೆಯದು. ಅರ್ಥಶಾಸ್ತ್ರದ 9ನೇ ಅಧಿಕರಣ ದಂಡಯಾತ್ರೆಗೆ ಹೊರಡಲಿರುವವನ ತಯಾರಿಗೇ ಮೀಸಲು. ಅಲ್ಲಿ ಕೌಟಿಲ್ಯ ನಷ್ಟವನ್ನು ಎರಡು ಬಾಬತ್ತಿನಲ್ಲಿ ಬರೆಯುತ್ತಾನೆ. ಪಳಗಿದ ಆಳುಗಳು ಕಡಿಮೆಯಾಗುವುದು ‘ಕ್ಷಯ’, ಹಣ ಮತ್ತು ಧಾನ್ಯ ಕಡಿಮೆಯಾಗುವುದು ‘ವ್ಯಯ’. ಹೀಗೆ ಬೇರೆ ಮಾಡಿದ್ದರಲ್ಲಿ ಅರ್ಥವಿದೆ. ಖಾಲಿಯಾದ ಕಣಜ ಎರಡು ಒಳ್ಳೆಯ ಬೆಳೆಗೆ ತುಂಬಬಹುದು, ಸತ್ತ ಸವಾರನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಲು ವರ್ಷಗಳೇ ಬೇಕು. ಈ ಎರಡನ್ನೂ ಮೀರಿಸುವ ಲಾಭ ಕಂಡರೆ ಮಾತ್ರ ಹೊರಡು ಎನ್ನುತ್ತಾನೆ.

ಅಲ್ಲಿಗೇ ಬಿಡುವುದಿಲ್ಲ. ಲಾಭಕ್ಕೆ 12 ಗುಣಗಳನ್ನು ಹೇಳುತ್ತಾನೆ. ಅವುಗಳಲ್ಲಿ ಇಂದಿಗೂ ಕೆಲಸಕ್ಕೆ ಬರುವಂಥದ್ದು ‘ಆದೇಯ’ ಮತ್ತು ‘ಪ್ರತ್ಯಾದೇಯ’ ಎಂಬ ಜೋಡಿ. ಸುಲಭವಾಗಿ ದಕ್ಕಿ, ಸುಲಭವಾಗಿ ಉಳಿದು, ಶತ್ರುವಿಗೆ ಮರಳಿ ಸಿಗದಂಥದ್ದು ಆದೇಯ. ಇಂದು ಗೆದ್ದು ನಾಳೆ ಬಿಟ್ಟುಕೊಡಬೇಕಾದದ್ದು ಪ್ರತ್ಯಾದೇಯ, ಅಂಥದ್ದನ್ನು ಹಿಡಿದು ಕೂತವನು ಕೆಡುತ್ತಾನೆ. ಮುಂದೆ ನಾವು ನೋಡಲಿರುವ ಸೋಲುಗಳಲ್ಲಿ ಹೆಚ್ಚಿನವು ಗೆಲ್ಲಲಾಗದೆ ಆದವಲ್ಲ, ಗೆದ್ದದ್ದು ಪ್ರತ್ಯಾದೇಯವಾಗಿದ್ದರಿಂದ ಆದವು.

ಇನ್ನೊಂದು ಎಚ್ಚರಿಕೆ ಬೆನ್ನ ಹಿಂದಿನದು. ಮುಂದೆ ದೊಡ್ಡ ಲಾಭ, ಹಿಂದೆ ಸಣ್ಣ ಗಲಭೆ ಎಂದಾದರೆ ಸಣ್ಣ ಗಲಭೆಯೇ ಹೆಚ್ಚು ತೂಕದ್ದು ಎಂದು ಅವನು ಕಡ್ಡಿ ಮುರಿದಂತೆ ಹೇಳುತ್ತಾನೆ. ಪಡೆ ದೂರ ಹೋದಷ್ಟೂ ಸಣ್ಣದು ದೊಡ್ಡದಾಗುತ್ತದೆ, ಮುಂದೆ ಸಿಕ್ಕ ಲಾಭವನ್ನು ಅದನ್ನು ಅಡಗಿಸುವ ಕ್ಷಯ-ವ್ಯಯವೇ ನುಂಗುತ್ತದೆ.

ಪ್ರಶ್ನೆ: ‘ಬೇಡ, ಗಿಟ್ಟುವುದಿಲ್ಲ’ ಎಂದು ಮೊದಲೇ ಲೆಕ್ಕ ಹೇಳಿದ್ದರೂ ಕೇಳದೆ ಹೋದ ಉದಾಹರಣೆ ಇದೆಯೇ?

ಉತ್ತರ: ರೋಮನ್ನರು ಗೆದ್ದ ಬ್ರಿಟನ್. ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟಿಬೀರಿಯಸ್ ಕಾಲದ ಭೂಗೋಳಕಾರ ಸ್ಟ್ರಾಬೊ ಈ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಬ್ರಿಟನ್ನಿನವರು ಗಾಲ್ (ಇಂದಿನ ಫ್ರಾನ್ಸ್) ಜೊತೆಗಿನ ವ್ಯಾಪಾರದ ಮೇಲೆ ಆಗಲೇ ಸುಂಕ ಕಟ್ಟುತ್ತಿದ್ದರು. ದ್ವೀಪವನ್ನು ಹಿಡಿದು ಕಪ್ಪ ವಸೂಲಿ ಮಾಡಬೇಕೆಂದರೆ ಕನಿಷ್ಠ ಒಂದು ಲೀಜನ್ (ರೋಮನ್ ಕಾಲಾಳು ದಳ) ಮತ್ತು ಸ್ವಲ್ಪ ಅಶ್ವದಳ ಅಲ್ಲೇ ಇರಬೇಕು, ಬಂದ ಕಪ್ಪ ಆ ಪಡೆಯ ಖರ್ಚಿಗೇ ಸರಿಹೋಗುತ್ತದೆ. ಕಪ್ಪ ಹೇರಿದ ಮೇಲೆ ಸುಂಕ ಇಳಿಸಲೇಬೇಕಾಗುತ್ತದೆ, ಅಲ್ಲಿಗೆ ಇದ್ದದ್ದೂ ಹೋಯಿತು.

ಒಂದು ಲೀಜನ್ ಎಂದರೆ ಎಷ್ಟು? ಆಗ ಸಾಮಾನ್ಯ ಲೀಜನ್ ಸೈನಿಕನ ಸಂಬಳ ವರ್ಷಕ್ಕೆ 225 ಡಿನೇರಿಯಸ್ (ಬೆಳ್ಳಿ ನಾಣ್ಯ). 5,000 ಜನ ಎಂದಿಟ್ಟುಕೊಂಡರೂ ಮೂಲ ಸಂಬಳವೇ ವರ್ಷಕ್ಕೆ 11,25,000 ಡಿನೇರಿಯಸ್. ಅಧಿಕಾರಿಗಳ ಸಂಬಳ ಇದಕ್ಕಿಂತ ಎಷ್ಟೋ ಪಟ್ಟು, ಅದು ಬೇರೆ. ಸೇವೆ ಮುಗಿಸಿ ಬದುಕಿ ಉಳಿದವನಿಗೆ ತಲಾ 3,000 ಡಿನೇರಿಯಸ್ ಗಂಟು ಕೊಡಬೇಕಿತ್ತು. ಈ ಗಂಟಿನ ಹೊರೆ ತಾಳಲಾರದೆಯೇ ಆಗಸ್ಟಸ್ ಕ್ರಿ.ಶ. 6ರಲ್ಲಿ ಪ್ರತ್ಯೇಕ ಸೈನಿಕ ಖಜಾನೆ ತೆರೆದು, ಅದಕ್ಕಾಗಿ ರೋಮನ್ ನಾಗರಿಕರ ಪಿತ್ರಾರ್ಜಿತದ ಮೇಲೆ ಶೇ. 5 ತೆರಿಗೆ ಹಾಕಿದ್ದು.

ಆದರೂ ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಪಡೆ ಕಳಿಸಿದ. ಒಂದಲ್ಲ, ನಾಲ್ಕು ಲೀಜನ್. ಯಾಕೆ? ಎರಡು ವರ್ಷದ ಹಿಂದೆಯಷ್ಟೇ ಕಾವಲು ಪಡೆಯವರು ಅವನನ್ನು ಪಟ್ಟಕ್ಕೆ ಕೂರಿಸಿದ್ದರು, ಅವನ ಹೆಸರಿಗೆ ಒಂದೂ ಗೆಲುವಿರಲಿಲ್ಲ. ಅವನು ಬ್ರಿಟನ್ನಿನಲ್ಲಿ ಇದ್ದದ್ದು 16 ದಿನ. ವಾಪಸು ಬಂದು ರೋಮಿನಲ್ಲಿ ವಿಜಯೋತ್ಸವ ಮಾಡಿಸಿಕೊಂಡ. ಅವನ ಖಾಸಗಿ ಲೆಕ್ಕದಲ್ಲಿ ಇದು ಪಕ್ಕಾ ಲಾಭ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಖಜಾನೆಯ ಲೆಕ್ಕದಲ್ಲಿ ಮಾತ್ರ ಮೂರು ಲೀಜನ್‌ಗಳು ತಲೆಮಾರುಗಟ್ಟಲೆ ಅಲ್ಲೇ ಬೀಡುಬಿಟ್ಟವು. ಸುಮಾರು ನೂರು ವರ್ಷದ ನಂತರ ಅಪ್ಪಿಯನ್ ಎಂಬ ಇತಿಹಾಸಕಾರ, ರೋಮನ್ನರಿಗೆ ಬ್ರಿಟನ್ನಿನ ಉಳಿದ ಭಾಗ ಬೇಕಿಲ್ಲ, ಇರುವುದೇ ಗಿಟ್ಟುತ್ತಿಲ್ಲ ಎಂಬರ್ಥದಲ್ಲಿ ಬರೆದ. ಸ್ಟ್ರಾಬೊನ ಲೆಕ್ಕ ತಪ್ಪಿರಲಿಲ್ಲ. ತೀರ್ಮಾನ ಮಾಡಿದವನ ಖಾತೆ ಬೇರೆ, ದುಡ್ಡು ಹೋದ ಖಾತೆ ಬೇರೆ, ಅಷ್ಟೇ.

ಪ್ರಶ್ನೆ: ಹಳೆಯ ಕಾಲದ ಸೈನ್ಯ ತನ್ನ ಗಡಿಯಿಂದ ಎಷ್ಟು ದೂರ ಹೋಗಬಹುದಿತ್ತು? ಇದಕ್ಕೆ ಅಂದಾಜು ಸೂತ್ರ ಇದೆಯೇ? (ಗಣಿತ ಶಿಕ್ಷಕರು)

ಉತ್ತರ: ಇದೆ, ಅದೂ ಸ್ವತಃ ಗಡಿಯಲ್ಲಿ ಪಡೆ ನೋಡಿಕೊಂಡವನೇ ಹಾಕಿದ್ದು. 11ನೇ ಶತಮಾನದ ಚೀನಾದ ಸಾಂಗ್ ರಾಜಮನೆತನದ ಅಧಿಕಾರಿ ಶೆನ್ ಕುವೊ ಪಶ್ಚಿಮ ಷಿಯಾ ರಾಜ್ಯದ ಗಡಿಯಲ್ಲಿ ಕೆಲಸ ಮಾಡಿದವನು. ಅವನ ಲೆಕ್ಕದ ಮೂಲಮಾನ ‘ಷೆಂಗ್’ ಎಂಬ ಅಳತೆ. ಒಬ್ಬ ಹೊರೆಯಾಳು ಹೊರುವ ಅಕ್ಕಿ 60 ಷೆಂಗ್. ಒಬ್ಬ ಮನುಷ್ಯ ದಿನಕ್ಕೆ ತಿನ್ನುವುದು 2 ಷೆಂಗ್. ಸೈನಿಕ ತನ್ನ ಚೀಲದಲ್ಲಿ 5 ದಿನದ ಬುತ್ತಿ ಒಯ್ಯುತ್ತಾನೆ.

ಒಬ್ಬ ಸೈನಿಕನಿಗೆ ಒಬ್ಬ ಹೊರೆಯಾಳು ಎಂದರೆ ಒಟ್ಟು 70 ಷೆಂಗ್, ದಿನಕ್ಕೆ ಇಬ್ಬರಿಂದ 4 ಷೆಂಗ್ ಖರ್ಚು. ಸುಮಾರು 18 ದಿನ. ವಾಪಸು ಬರಬೇಕೆಂದರೆ 9 ದಿನದ ದೂರ ಮಾತ್ರ.

ಇಬ್ಬರು ಹೊರೆಯಾಳು ಕೊಟ್ಟರೆ? ಈಗ ಮೂರು ಬಾಯಿ, ದಿನಕ್ಕೆ 6 ಷೆಂಗ್. 8 ದಿನಕ್ಕೆ 48 ಖಾಲಿ. ಆಗ ಮೊದಲನೆಯ ಆಳಿಗೆ 6 ದಿನದ 12 ಷೆಂಗ್ ಕೊಟ್ಟು ವಾಪಸು ಕಳಿಸಬೇಕು (8 ದಿನ ಬಂದವನು ಖಾಲಿ ಬೆನ್ನಿನಲ್ಲಿ ಬೇಗ ನಡೆಯುತ್ತಾನೆಂಬ ಲೆಕ್ಕವಿರಬೇಕು). ಉಳಿದದ್ದರಲ್ಲಿ ಇನ್ನು 18 ದಿನ. ಒಟ್ಟು 26, ಹಿಂತಿರುಗುವುದಾದರೆ 13. ಮೂವರನ್ನು ಕೊಟ್ಟರೆ 31, ಹಿಂತಿರುಗುವುದಾದರೆ 16. ಅಂದರೆ ಎರಡನೆಯ ಆಳು 8 ದಿನ ಸೇರಿಸಿದ, ಮೂರನೆಯವನು 5 ದಿನ ಮಾತ್ರ. ಹೊರುವವನೇ ಹೊರೆಯನ್ನು ತಿನ್ನುತ್ತಿದ್ದಾನೆ. ಇದಕ್ಕಿಂತ ಮುಂದೆ ಹೋಗಲು ಸಾಧ್ಯವಿಲ್ಲ ಎಂದು ಶೆನ್ ಕುವೊ ಅಲ್ಲಿಗೇ ನಿಲ್ಲಿಸುತ್ತಾನೆ. ಒಂದು ಲಕ್ಷದ ದಂಡು ಹೊರಟರೆ ಸಾಮಾನು ಸರಂಜಾಮಿಗೆ ಹೋಗಿ ಕಾದಾಡಲು ಸಿಗುವವರು 70,000, ಇಡೀ ದಂಡಿಗೆ ಅನ್ನ ಹೊರುವವರು 3 ಲಕ್ಷ. ದಿನಕ್ಕೆ 20 ಕಿ.ಮೀ. ನಡೆದರೂ 16 ದಿನಕ್ಕೆ 320 ಕಿ.ಮೀ.

ಕಾಗದದ ಮೇಲಿನ ಈ ಲೆಕ್ಕ ದಾರಿಯಲ್ಲಿ ಇನ್ನೂ ಕೆಡುತ್ತದೆ. ಮೇಸ್ತ್ರಿ ಹೊರುವುದಿಲ್ಲ. ಸೌದೆ-ನೀರು ತರುವವರು ಅರ್ಧ ಹೊರುತ್ತಾರೆ. ಕಾಯಿಲೆ ಬಿದ್ದವರ, ಸತ್ತವರ ಮೂಟೆ ಉಳಿದವರ ಬೆನ್ನಿಗೆ ಹಂಚಿಕೆಯಾಗುತ್ತದೆ. ಪ್ರಾಣಿಗಳ ಮೇಲೆ ಹೇರಬಹುದಲ್ಲ ಎಂದರೆ, ಕತ್ತೆ 100 ಷೆಂಗ್, ಕುದುರೆ ಅಥವಾ ಹೇಸರಗತ್ತೆ 150, ಒಂಟೆ 300 ಹೊರುತ್ತದೆ, ಖರ್ಚೂ ಕಡಿಮೆ. ಆದರೆ ಹೊತ್ತಿಗೆ ಸರಿಯಾಗಿ ಮೇಯಿಸದಿದ್ದರೆ ಬಡಕಲಾಗಿ ಸಾಯುತ್ತವೆ, ಸತ್ತರೆ ಅದರ ಮೇಲಿನ ಹೊರೆಯನ್ನೂ ಅಲ್ಲೇ ಬಿಟ್ಟು ನಡೆಯಬೇಕು. ಲಾಭ-ನಷ್ಟ ಅರ್ಧಕ್ಕರ್ಧ ಎನ್ನುತ್ತಾನೆ.

ಹಾಗಾಗಿ ಶತ್ರುವಿನ ನೆಲದಲ್ಲೇ ಅನ್ನ ಹುಟ್ಟಿಸಿಕೊಳ್ಳುವುದು ತುರ್ತಿನ ಕೆಲಸ ಎಂಬುದು ಅವನ ತೀರ್ಮಾನ. ಗೆಲುವಿನ ದೊಡ್ಡ ತೊಡಕು ಇರುವುದೂ ಇಲ್ಲೇ. ಯಾವ ಹಳ್ಳಿಗಳಿಂದ ಮುಂದೆ ಕಂದಾಯ ಎತ್ತಬೇಕೋ ಅವುಗಳ ಬೀಜದ ಕಾಳನ್ನೂ ಉಳುವ ಎತ್ತನ್ನೂ ಪಡೆ ಮೊದಲೇ ತಿಂದಿರುತ್ತದೆ. ಗೆದ್ದ ಮೊದಲ ವರ್ಷಗಳಲ್ಲಿ ನಿರೀಕ್ಷಿಸಿದ ಆದಾಯ ಬಾರದಿರಲು ಎಷ್ಟೋ ಕಡೆ ಕಾರಣ ಇದು.

ನೀರಿನ ದಾರಿ ಇದ್ದರೆ ಚಿತ್ರವೇ ಬೇರೆ. ಕ್ರಿ.ಶ. 301ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷನ್ ಹೊರಡಿಸಿದ ದರಪಟ್ಟಿಯನ್ನು ಇಟ್ಟುಕೊಂಡು ಇತಿಹಾಸಕಾರರು ಹಾಕಿದ ಲೆಕ್ಕದಂತೆ, ಗೋಧಿಯನ್ನು ಮೆಡಿಟರೇನಿಯನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಡಗಿನಲ್ಲಿ ಸಾಗಿಸುವುದು ಗಾಡಿಯಲ್ಲಿ 75 ಮೈಲಿ ಎಳೆಯುವುದಕ್ಕಿಂತ ಅಗ್ಗವಾಗಿತ್ತು. ರೋಮ್ ಸಮುದ್ರದ ಸುತ್ತ ಹಬ್ಬಿ, ಒಳನಾಡಿನಲ್ಲಿ ರೈನ್ ಮತ್ತು ಡ್ಯಾನ್ಯೂಬ್ ನದಿಗಳ ಬಳಿ ನಿಂತದ್ದರ ಹಿಂದೆ ಈ ಬಾಡಿಗೆ ದರವೂ ಇದೆ.

ಪ್ರಶ್ನೆ: ಲೂಟಿಯಲ್ಲೇ ಯುದ್ಧದ ಖರ್ಚು ಹೊರಡುತ್ತಿರಲಿಲ್ಲವೇ?

ಉತ್ತರ: ಕೆಲವು ಸಲ ಹೊರಟು ಮಿಕ್ಕಿದ್ದೂ ಇದೆ. ಕ್ರಿ.ಪೂ. 168ರಲ್ಲಿ ಮ್ಯಾಸಿಡೋನಿಯಾದ ದೊರೆ ಪರ್ಸಿಯಸ್ ರೋಮಿಗೆ ಸೋತಾಗ ಬಂದ ಸಂಪತ್ತು ಎಷ್ಟಿತ್ತೆಂದರೆ, ಮರುವರ್ಷದಿಂದ ರೋಮನ್ ನಾಗರಿಕರು ಇಟಲಿಯಲ್ಲಿ ನೇರ ಯುದ್ಧತೆರಿಗೆ ಕಟ್ಟುವುದೇ ನಿಂತಿತು. ಅದು ನೂರಕ್ಕೂ ಹೆಚ್ಚು ವರ್ಷ ಹಾಗೇ ನಡೆಯಿತು. ಆದರೆ ಇದು ಹಳೆಯ ರಾಜಮನೆತನದ ಕೂಡಿಟ್ಟ ಖಜಾನೆ. ಅಂಥ ಖಜಾನೆ ಒಂದೇ ಸಲ ಒಡೆಯುತ್ತದೆ. ಪಹರೆಯ ಸಂಬಳ ವರ್ಷ ವರ್ಷವೂ ಕೊಡಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಸ್ಪೇನಿಗೆ ಕುಡಿಕೆಯಲ್ಲ, ಬೆಟ್ಟವೇ ಸಿಕ್ಕಿತ್ತು. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿಯ ಬೆಳ್ಳಿ. ಆದರೂ ದೊರೆ ಎರಡನೇ ಫಿಲಿಪ್ 1557, 1560, 1575, 1596ರಲ್ಲಿ ಸಾಲ ಕೊಟ್ಟವರಿಗೆ ಪಾವತಿ ನಿಲ್ಲಿಸಿದ. ಬೆಳ್ಳಿ ಹಡಗು ಬರುವ ಮೊದಲೇ ಅದರ ಮೇಲೆ ಸಾಲ ಎತ್ತಿ ಯುದ್ಧಗಳಿಗೆ, ಆಮೇಲೆ ಮುಖ್ಯವಾಗಿ ನೆದರ್‌ಲ್ಯಾಂಡ್ಸ್ ದಂಗೆಯನ್ನು ಅಡಗಿಸುವ ಪಡೆಗೆ ಸುರಿಯಲಾಗಿತ್ತು. 1575ರಲ್ಲಿ ಪಾವತಿ ನಿಂತ ಮೇಲೆ ಆ ಪಡೆಗೂ ಸಂಬಳ ನಿಂತಿತು. 1576ರ ನವೆಂಬರಿನಲ್ಲಿ ಸಂಬಳವಿಲ್ಲದ ಸೈನಿಕರು ಆಂಟ್‌ವರ್ಪ್ ನಗರವನ್ನು ಲೂಟಿ ಮಾಡಿದರು, ಅಲ್ಲಿಯವರೆಗೆ ಸುಮ್ಮನಿದ್ದ ಪ್ರಾಂತ್ಯಗಳೂ ತಿರುಗಿಬಿದ್ದವು. ಪಡೆ ಕಾಯಬೇಕಾದ ಊರನ್ನು ಪಡೆಯೇ ತಿಂದಿತು.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳ ಚಿನ್ನದ ಮೊಟ್ಟೆ ಇಡುವ ಕೋಳಿಯಾಗಿತ್ತಲ್ಲ, ಆದರೂ ಕೆಲವೇ ವರ್ಷದಲ್ಲಿ ಅದು ದಿವಾಳಿ ಅಂಚಿಗೆ ಬಂದದ್ದು ಹೇಗೆ? (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಇದರ ಅಂದಾಜು ಪಟ್ಟಿಯೇ ಉಳಿದಿದೆ. 1765ರಲ್ಲಿ ಮೊಘಲ್ ಬಾದಶಹ ಎರಡನೇ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು (ಕಂದಾಯ ಎತ್ತುವ ಹಕ್ಕನ್ನು) ಕಂಪನಿಗೆ ಕೊಟ್ಟ. ಅದೇ ಸೆಪ್ಟೆಂಬರಿನಲ್ಲಿ ರಾಬರ್ಟ್ ಕ್ಲೈವ್ ಲಂಡನ್ನಿನ ನಿರ್ದೇಶಕರಿಗೆ ಬರೆದ ಲೆಕ್ಕ ಹೀಗಿತ್ತು: ಬರುವ ಕಂದಾಯ 250 ಲಕ್ಷ ಸಿಕ್ಕಾ ರೂಪಾಯಿ. ಅದರಲ್ಲಿ ಆಡಳಿತ ಮತ್ತು ಸೈನ್ಯಕ್ಕೆ 60 ಲಕ್ಷ, ನವಾಬನಿಗೆ 42 ಲಕ್ಷ, ಬಾದಶಹನಿಗೆ 26 ಲಕ್ಷ. ಉಳಿಯುವುದು 122 ಲಕ್ಷ, ಅಂದರೆ 16,50,900 ಪೌಂಡ್ ನಿವ್ವಳ ಲಾಭ.

ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ. ಎಡವಿದ್ದು 60 ಲಕ್ಷದಲ್ಲಿ. ಅದನ್ನು ಕ್ಲೈವ್ ಹೇಳಿದ್ದು ಶಾಂತಿ ಕಾಲದ ಖರ್ಚು ಎಂದು. ಎರಡೇ ವರ್ಷಕ್ಕೆ, 1767ರಲ್ಲಿ, ಹೈದರಾಲಿಯ ಜೊತೆ ಯುದ್ಧ ಶುರುವಾಯಿತು. 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೆ ಬಂದ ಸುದ್ದಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿಯಿತು. ಆದಾಯ ನಿಶ್ಚಿತ, ಖರ್ಚೂ ನಿಶ್ಚಿತ ಎಂದು ಹಿಡಿದ ಅಂದಾಜು ಪಟ್ಟಿಯಲ್ಲಿ ನಿಶ್ಚಿತವಾಗಿ ಉಳಿದದ್ದು ಲಾಭಾಂಶದ ಆಸೆ ಮಾತ್ರ. ಹೊಸ ಆದಾಯ ಕಣ್ಣಿಗೆ ಬೀಳುತ್ತಲೇ ಷೇರುದಾರರು ಲಾಭಾಂಶ ಏರಿಸಿಕೊಂಡರು, 1767ರಿಂದ ಬ್ರಿಟಿಷ್ ಸರ್ಕಾರ ವರ್ಷಕ್ಕೆ 4 ಲಕ್ಷ ಪೌಂಡ್ ಕೇಳಿ ಪಡೆಯಿತು.

ಆಮೇಲೆ 1769-70ರ ಬಂಗಾಳದ ಕ್ಷಾಮ. ವಾರೆನ್ ಹೇಸ್ಟಿಂಗ್ಸ್ 1772ರಲ್ಲಿ ಕೊಟ್ಟ ವರದಿಯ ಪ್ರಕಾರ ಕನಿಷ್ಠ ಮೂರರಲ್ಲಿ ಒಂದು ಭಾಗ ಜನ ಇಲ್ಲವಾಗಿದ್ದರು, ಆದರೂ 1771ರ ನಿವ್ವಳ ವಸೂಲಿ ಕ್ಷಾಮಕ್ಕಿಂತ ಹಿಂದಿನ 1768ರ ವಸೂಲಿಯನ್ನೂ ಮೀರಿತ್ತು. ಹೇಗೆ? ಬಲವಂತದಿಂದ ಎಂದು ಅವನೇ ಒಪ್ಪಿಕೊಂಡಿದ್ದಾನೆ. ‘ನಜಾಯ್’ ಎಂಬ ಬಾಬತ್ತಿನಲ್ಲಿ, ಸತ್ತ ಮತ್ತು ಊರು ಬಿಟ್ಟ ರೈತರ ಪಾಲಿನ ಕಂದಾಯವನ್ನು ಅದೇ ಊರಿನಲ್ಲಿ ಬದುಕುಳಿದವರ ತಲೆಗೆ ಕಟ್ಟಲಾಗುತ್ತಿತ್ತು. ಪುಸ್ತಕದಲ್ಲಿ ಆದಾಯ ಸರಿಯಾಗಿಯೇ ಕಾಣುತ್ತದೆ, ಬೆಟ್ಟು ಮಾಡಿ ತೋರಿಸಲು ಒಂದು ಕೊರತೆಯೂ ಇಲ್ಲ. ಹೊಲ ಉಳುವವರು ಇಲ್ಲ, ಅಷ್ಟೇ.

1772ರ ಜೂನಿನಲ್ಲಿ ಲಂಡನ್ನಿನ ಸಾಲದ ಮಾರುಕಟ್ಟೆ ಕುಸಿದಾಗ ಕಂಪನಿಗೆ ಕೈಸಾಲವೂ ಹುಟ್ಟದಾಯಿತು. 1773ರಲ್ಲಿ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು, ಅದು ತೀರುವವರೆಗೆ ಲಾಭಾಂಶ ಶೇ. 6 ಮೀರಬಾರದೆಂದು ಕಟ್ಟಳೆ ಹಾಕಿತು. ರೆಗ್ಯುಲೇಟಿಂಗ್ ಕಾಯ್ದೆಯ ಮೂಲಕ ಕಂಪನಿಯ ಆಡಳಿತದಲ್ಲಿ ಕೈಯಾಡಿಸತೊಡಗಿತು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದ ವಸಾಹತುಗಳಲ್ಲಿ ಮಾರಲು ದಾರಿ ಮಾಡಿಕೊಟ್ಟಿತು. ಆ ಚಹಾ 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನ ನೀರಿಗೆ ಬಿತ್ತು, ಮುಂದೆ ವಸಾಹತುಗಳೇ ಕೈಬಿಟ್ಟವು. ಒಂದು ತುದಿಯ ವಿಸ್ತರಣೆಯ ಸಾಲ ಇನ್ನೊಂದು ತುದಿಯಲ್ಲಿ ಹೀಗೆ ವಸೂಲಾಗುತ್ತದೆ ಎಂದು ಕ್ಲೈವನ ಪಟ್ಟಿಯಲ್ಲಿ ಬರೆಯಲು ಕಾಲಂ ಇರಲಿಲ್ಲ.

ಅಂದಹಾಗೆ, ಕ್ಲೈವನ ಸ್ವಂತ ಜಾಗೀರಿನ ಆದಾಯ ವರ್ಷಕ್ಕೆ ಸುಮಾರು 27,000 ಪೌಂಡ್ ಇತ್ತು. ಅದು ನಿಲ್ಲದೆ ಬರುತ್ತಿತ್ತು.

ಪ್ರಶ್ನೆ: ಚರ್ಚಾಸ್ಪರ್ಧೆಗೆ ‘ಆ ದಂಡಯಾತ್ರೆ ಲಾಭಕರವೇ?’ ಎಂಬ ವಿಷಯ ಕೊಟ್ಟರೆ ಹೇಗೆ ತಯಾರಾಗಬೇಕು?

ಉತ್ತರ: ಒಂದು ಹಾಳೆಯನ್ನು ನಾಲ್ಕು ಮನೆ ಮಾಡಿ. ಒಂದೇ ಸಲ ಬಂದದ್ದು (ಲೂಟಿ, ದಂಡ, ಖಜಾನೆ), ವರ್ಷ ವರ್ಷ ಬರುವುದು (ಕಂದಾಯ, ಸುಂಕ, ಗಣಿ), ಒಂದೇ ಸಲ ಹೋದದ್ದು (ಯುದ್ಧದ ಖರ್ಚು, ಸತ್ತವರು), ವರ್ಷ ವರ್ಷ ಹೋಗುವುದು (ಪಹರೆ, ಕೋಟೆ-ರಸ್ತೆ ದುರಸ್ತಿ, ಸಾಲದ ಬಡ್ಡಿ, ನಿವೃತ್ತರ ಗಂಟು). ಪ್ರತಿ ಬಾಬತ್ತಿನ ಪಕ್ಕದಲ್ಲಿ ಅದು ಯಾರ ಕೈಗೆ ಬಂತು, ಯಾರ ಕೈಯಿಂದ ಹೋಯಿತು ಎಂದು ಬರೆಯಿರಿ. ಈ ಎರಡು ಹೆಸರು ಒಂದೇ ಆಗಿರುವುದು ಅಪರೂಪ, ನಿಮ್ಮ ವಾದಕ್ಕೆ ಜೀವ ಬರುವುದೂ ಅಲ್ಲೇ. ಆಮೇಲೆ ಅದೇ ಹಾಳೆಯನ್ನು ಗೆದ್ದ ವರ್ಷಕ್ಕೆ, 10 ವರ್ಷದ ನಂತರಕ್ಕೆ, 30 ವರ್ಷದ ನಂತರಕ್ಕೆ ಮೂರು ಸಲ ತುಂಬಿ. ಮೊದಲ ಹಾಳೆ ಲಾಭ ತೋರಿಸಿ ಮೂರನೆಯದು ನಷ್ಟ ತೋರಿಸುವುದು ಸಾಮಾನ್ಯ. ಉಲ್ಟಾ ಆದದ್ದೂ ಉಂಟು.

ಸ್ಪರ್ಧಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳು ಮೂರು. ಗೆಲ್ಲದೆಯೇ ವ್ಯಾಪಾರದಿಂದ ಬರುತ್ತಿದ್ದ ಹಣವನ್ನೂ ಗೆಲುವಿನ ಲಾಭಕ್ಕೆ ಸೇರಿಸುತ್ತಾರೆ, ಅದನ್ನು ಕಳೆಯಬೇಕು. ಒಟ್ಟು ಕಂದಾಯವನ್ನೇ ಲಾಭವೆಂದು ಓದುತ್ತಾರೆ, ಅದರಲ್ಲಿ ಹೆಚ್ಚಿನದು ಅದೇ ಪ್ರಾಂತ್ಯದ ಪಹರೆಗೇ ಮುಗಿದಿರಬಹುದು. ಹಳೆಯ ನಾಣ್ಯವನ್ನು ಇಂದಿನ ರೂಪಾಯಿಗೆ ಪರಿವರ್ತಿಸಿ ಕೋಟಿಗಟ್ಟಲೆ ಅಂಕಿ ಹೇಳುತ್ತಾರೆ, ಅದಕ್ಕೆ ಅರ್ಥವಿಲ್ಲ. ಅದೇ ಕಾಲದ ಸೈನಿಕನ ವರ್ಷದ ಸಂಬಳಕ್ಕೋ ರಾಜ್ಯದ ಒಟ್ಟು ಆದಾಯಕ್ಕೋ ಹೋಲಿಸಿ ಹೇಳಿ, ಕೇಳಿದವರಿಗೆ ತೂಕ ಗೊತ್ತಾಗುತ್ತದೆ.

ಪ್ರಶ್ನೆ: ಸೋತ ರಾಜನನ್ನು ಸಾಮಂತನಾಗಿ ಉಳಿಸಿಕೊಳ್ಳುವುದು ಒಳ್ಳೆಯದೋ, ಕಿತ್ತುಹಾಕಿ ನೇರವಾಗಿ ಆಳುವುದೋ?

ಉತ್ತರ: ಸಾಮಂತನಿಂದ ಬರುವುದು ಕಡಿಮೆ, ಆದರೆ ಪೊಲೀಸು, ಕಂದಾಯ, ನ್ಯಾಯ, ಜನರ ಬೈಗುಳ ಎಲ್ಲವೂ ಅವನ ತಲೆಗೆ. ನೇರ ಆಳ್ವಿಕೆಯಲ್ಲಿ ಬರುವುದು ಹೆಚ್ಚು, ಈ ನಾಲ್ಕೂ ನಿಮ್ಮ ತಲೆಗೆ.

ಔರಂಗಜೇಬ್ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಪೂರ್ತಿ ಒಳಗೆ ಹಾಕಿಕೊಂಡ. ನಕ್ಷೆಯಲ್ಲಿ ಮೊಘಲ್ ರಾಜ್ಯ ಅಷ್ಟು ದೊಡ್ಡದಾಗಿ ಹಿಂದೆಂದೂ ಇರಲಿಲ್ಲ. ಆದರೆ ಆ ಎರಡು ದರ್ಬಾರುಗಳ ಸರದಾರರನ್ನು ಸುಮ್ಮನಿರಿಸಲು ಅವರಿಗೆ ಮನ್ಸಬು (ದರ್ಬಾರಿನ ದರ್ಜೆ) ಕೊಡಬೇಕಾಯಿತು, ಮನ್ಸಬಿಗೆ ತಕ್ಕ ಜಾಗೀರು ಕೊಡಬೇಕಾಯಿತು. ಹಂಚಲು ಮೀಸಲಿಟ್ಟ ‘ಪಾಯ್‌ಬಾಕಿ’ ನೆಲ ಸಾಲದೆ, ಕಾಗದದಲ್ಲಿ ದರ್ಜೆ ಇದ್ದು ಕೈಯಲ್ಲಿ ನೆಲವಿಲ್ಲದವರ ಸಾಲು ಬೆಳೆಯಿತು. ಜಾಗೀರು ಇದ್ದವನೂ ನಾಳೆ ವರ್ಗವಾಗುತ್ತದೆಂದು ರೈತನಿಂದ ಇಂದೇ ಹಿಂಡಿದ. ಮರಾಠರಿಗೂ ಮೊಘಲರಿಗೂ ನಡುವೆ ಇದ್ದ ಎರಡು ರಾಜ್ಯಗಳ ಅಡ್ಡಗೋಡೆಯೂ ಬಿತ್ತು. ಜಿಂಜಿ ಕೋಟೆ ಒಂದಕ್ಕೇ 1690ರಿಂದ 1698ರವರೆಗೆ ಮುತ್ತಿಗೆ ಹಾಕಿ ಕೂರಬೇಕಾಯಿತು. 1707ರಲ್ಲಿ ಬಾದಶಹ ಸತ್ತದ್ದೂ ದಖ್ಖನ್ನಿನಲ್ಲೇ. ಮೂಗಿಗಿಂತ ಮೂಗುತಿ ಭಾರ.

ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿ ಇದಕ್ಕೆ ಎದುರು ದಾರಿ. ಪಡೆ ಕಂಪನಿಯದು, ಸಂಬಳ ರಾಜನದು. 1798ರಲ್ಲಿ ಹೈದರಾಬಾದ್ ಒಪ್ಪಿತು, 1800ರಲ್ಲಿ ಆ ಖರ್ಚಿಗೆಂದೇ ನಿಜಾಮ ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ಬಿಟ್ಟುಕೊಟ್ಟ. ಕಂಪನಿಯ ಮಟ್ಟಿಗೆ ಇದಕ್ಕಿಂತ ಅಗ್ಗದ ವಿಸ್ತರಣೆ ಇಲ್ಲ. ಇದರ ರೋಗ ನಿಧಾನದ್ದು. ಗಡಿ ಕಾಯುವ ಕೆಲಸ ಹೋದ ರಾಜನಿಗೆ ಪ್ರಜೆಗಳನ್ನು ಓಲೈಸುವ ಅಗತ್ಯವೂ ಹೋಗುತ್ತದೆ. ಪಡೆಯ ಕಂತು ಕಟ್ಟಲು ಅವನು ಹಿಂಡುತ್ತಾನೆ, ಆಡಳಿತ ಕೆಡುತ್ತದೆ, ಕೆಟ್ಟದ್ದನ್ನೇ ನೆಪ ಮಾಡಿ ಕಂಪನಿ ರಾಜ್ಯವನ್ನೇ ನುಂಗುತ್ತದೆ. ಅವಧ್ ಆದದ್ದು ಹೀಗೆ: 1801ರಲ್ಲಿ ಅರ್ಧ, 1856ರಲ್ಲಿ ಉಳಿದರ್ಧ. ಆದರೆ ಬಂಗಾಳ ಸೇನೆಯ ಸಿಪಾಯಿಗಳಲ್ಲಿ ದೊಡ್ಡ ಪಾಲು ಅದೇ ಅವಧ್ ಸೀಮೆಯ ರೈತಮನೆಗಳವರು. ಮರುವರ್ಷ 1857. ಕೌಟಿಲ್ಯ ಹೇಳಿದ ಬೆನ್ನ ಹಿಂದಿನ ಕೋಪ ಇಲ್ಲಿ ಪಡೆಯ ಒಳಗೇ ಇತ್ತು. 1858ರಲ್ಲಿ ಕಂಪನಿ ಆಡಳಿತ ಮುಗಿದು, ಇನ್ನು ರಾಜ್ಯ ವಿಸ್ತರಿಸುವ ಇಚ್ಛೆಯಿಲ್ಲ ಎಂದು ರಾಣಿಯ ಘೋಷಣೆ ಬಂತು. ದಂಗೆ ಅಡಗಿಸಿದ ಖರ್ಚನ್ನು ಭಾರತದ ಸಾಲದ ಲೆಕ್ಕಕ್ಕೇ ಬರೆದರು.

ಪ್ರಶ್ನೆ: ಗಡಿಯನ್ನು ಮುಂದಕ್ಕೆ ತಳ್ಳಿದಷ್ಟೂ ಒಳನಾಡು ಸುರಕ್ಷಿತವಲ್ಲವೇ?

ಉತ್ತರ: ಹೊಸ ಗಡಿಯ ಆಚೆ ಯಾರಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 190ರ ದಶಕದಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕ್ ಸುತ್ತಿನ ಸೀಮೆ) ಭಾಗವನ್ನು ಸೇರಿಸಿಕೊಂಡು, ಇದು ಸಿರಿಯಾಕ್ಕೆ ಕೋಟೆಗೋಡೆ ಎಂದ. ಅದೇ ಕಾಲದ ಸೆನೆಟರ್ ಕ್ಯಾಸಿಯಸ್ ಡಿಯೊ ಒಪ್ಪಲಿಲ್ಲ. ಬರುವುದು ತೀರಾ ಕಡಿಮೆ, ತಿನ್ನುವುದು ಬಹಳ, ಮೇಲಾಗಿ ನಾವೀಗ ಇರಾನಿನ ಪಾರ್ಥಿಯನ್ನರ ನೆರೆಹೊರೆಯವರ ಬಳಿಗೇ ಹೋಗಿ ಅವರ ಜಗಳವನ್ನು ನಮ್ಮದು ಮಾಡಿಕೊಂಡಿದ್ದೇವೆ ಎಂಬುದು ಅವನ ವಾದ.

ಜಪಾನಿನದು ಇನ್ನೂ ಬಿಗಿಯಾದ ಸುರುಳಿ. ಕಚ್ಚಾವಸ್ತುವಿಗಾಗಿ 1931ರಲ್ಲಿ ಮಂಚೂರಿಯಾ, ಅದನ್ನು ಭದ್ರ ಮಾಡಲು ಹೋಗಿ 1937ರಿಂದ ಚೀನಾದೊಡನೆ ಪೂರ್ಣ ಯುದ್ಧ, ಅದನ್ನು ಮುಗಿಸಲು 1941ರ ಜುಲೈನಲ್ಲಿ ದಕ್ಷಿಣ ಇಂಡೋಚೀನಾ. ಆಗ ಅಮೆರಿಕ ಜಪಾನಿನ ಆಸ್ತಿ ತಡೆಹಿಡಿದು ತೈಲ ನಿಲ್ಲಿಸಿತು. ಜಪಾನಿನ ತೈಲದಲ್ಲಿ ಸುಮಾರು ಶೇ. 80 ಬರುತ್ತಿದ್ದದ್ದು ಅಮೆರಿಕದಿಂದಲೇ. ಪರಾವಲಂಬನೆ ತಪ್ಪಿಸಿಕೊಳ್ಳಲು ಇಟ್ಟ ಒಂದೊಂದು ಹೆಜ್ಜೆಯೂ ಪರಾವಲಂಬನೆಯನ್ನು ಹೆಚ್ಚಿಸಿತ್ತು. ಮುಂದೆ ಡಚ್ಚರ ಈಸ್ಟ್ ಇಂಡೀಸಿನ ತೈಲಬಾವಿಗಳು ಸಿಕ್ಕವು, ಆದರೆ ತೈಲ ತರುವ ಹಡಗುಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಮುಳುಗಿಸಿದವು. ಬಾವಿ ಗೆದ್ದರೆ ಸಾಲದು, ದಾರಿಯನ್ನೂ ಗೆಲ್ಲಬೇಕು.

ಪ್ರಶ್ನೆ: ಗಿಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಬಿಟ್ಟುಬರಬಹುದಲ್ಲ?

ಉತ್ತರ: ಬಿಟ್ಟುಬರುವುದಕ್ಕೂ ಖರ್ಚಿದೆ. ಕ್ರಿ.ಶ. 117ರಲ್ಲಿ ರೋಮಿನ ಪಟ್ಟಕ್ಕೆ ಬಂದ ಹೇಡ್ರಿಯನ್, ಹಿಂದಿನ ಚಕ್ರವರ್ತಿ ಟ್ರಾಜನ್ ಆಗಷ್ಟೇ ಗೆದ್ದಿದ್ದ ಮೆಸೊಪೊಟೇಮಿಯಾ ಮತ್ತು ಅರ್ಮೇನಿಯಾಗಳನ್ನು ಬಿಟ್ಟುಕೊಟ್ಟ. ಅಲ್ಲಿ ಹಿಂದಿನ ವರ್ಷವೇ ದಂಗೆ ಎದ್ದಿತ್ತು, ಸೈರೀನ್, ಈಜಿಪ್ಟ್, ಸೈಪ್ರಸ್‌ಗಳಲ್ಲಿ ಯಹೂದ್ಯರು ಬಂಡೆದ್ದಿದ್ದರು. ತೀರ್ಮಾನ ಸರಿಯಾದದ್ದೇ. ಆದರೆ ಮರುವರ್ಷ ನಾಲ್ವರು ಮಾಜಿ ಕಾನ್ಸಲ್‌ಗಳನ್ನು (ರೋಮಿನ ಉನ್ನತ ಅಧಿಕಾರಿಗಳು) ಪಿತೂರಿಯ ಆರೋಪದಲ್ಲಿ ಕೊಲ್ಲಿಸಲಾಯಿತು. ಅವರಲ್ಲಿ ಟ್ರಾಜನ್ನನ ಹೆಸರಾಂತ ಸೇನಾನಿಗಳಿದ್ದರು. ಜನರನ್ನು ಒಲಿಸಿಕೊಳ್ಳಲು ಹೇಡ್ರಿಯನ್ 90 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ತೆರಿಗೆ ಬಾಕಿಯನ್ನು ಮನ್ನಾ ಮಾಡಿ ಕಡತಗಳನ್ನು ಬಹಿರಂಗವಾಗಿ ಸುಡಿಸಿದ.

ಬಿಟ್ಟೂ ಬರದೆ, ಖರ್ಚೂ ಮಾಡದೆ ನಡುವೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. 1839ರಲ್ಲಿ ಬ್ರಿಟಿಷರು ಕಾಬೂಲಿನಲ್ಲಿ ಷಾ ಷುಜಾನನ್ನು ಕೂರಿಸಿದರು. ಪೂರ್ವದ ಕಣಿವೆಗಳ ಘಿಲ್ಜೈ ಬುಡಕಟ್ಟಿನ ಮುಖಂಡರಿಗೆ ದಾರಿ ತೆರೆದಿಡಲು ಹಣ ಕೊಡುತ್ತಿದ್ದರು. ಖರ್ಚು ಹೆಚ್ಚಾಯಿತೆಂದು 1841ರಲ್ಲಿ ಮೊದಲು ಕತ್ತರಿ ಹಾಕಿದ್ದು ಇದಕ್ಕೆ. ಕಾಗದದ ಮೇಲೆ ಇದು ಅನವಶ್ಯಕ ಖರ್ಚಿನ ಹಾಗೆ ಕಾಣುತ್ತದೆ, ವಾಸ್ತವದಲ್ಲಿ ಇಡೀ ಪಡೆಯ ವಾಪಸಾತಿಯ ವಿಮೆ ಅದು. ಕಣಿವೆಗಳು ಮುಚ್ಚಿದವು. 1842ರ ಜನವರಿ 6ರಂದು ಸುಮಾರು 4,500 ಸೈನಿಕರೂ 12,000 ಪರಿವಾರದವರೂ ಹಿಮದಲ್ಲಿ ಕಾಬೂಲ್ ಬಿಟ್ಟರು. 13ರಂದು ಜಲಾಲಾಬಾದ್ ಕೋಟೆಗೆ ಕುದುರೆಯ ಮೇಲೆ ಬಂದು ಮುಟ್ಟಿದ್ದು ಡಾಕ್ಟರ್ ಬ್ರೈಡನ್. ಉಳಿದವರಲ್ಲಿ ಸೆರೆಸಿಕ್ಕವರು, ಚದುರಿಹೋದ ಕೆಲವರು ಬಿಟ್ಟರೆ ಎಲ್ಲರೂ ದಾರಿಯಲ್ಲೇ ಮುಗಿದಿದ್ದರು. ಯಾರನ್ನು ಇಳಿಸಲು ಹೋಗಿದ್ದರೋ ಆ ದೋಸ್ತ್ ಮುಹಮ್ಮದ್ 1843ರಲ್ಲಿ ಮತ್ತೆ ಗದ್ದುಗೆ ಏರಿದ.

ಪ್ರಶ್ನೆ: ಇಷ್ಟೆಲ್ಲ ಲೆಕ್ಕದಲ್ಲಿ ಸೋತವರ ಸಾವು ಯಾರ ಖಾತೆಗೆ?

ಉತ್ತರ: ಬಹುಮಟ್ಟಿಗೆ ಯಾರ ಖಾತೆಗೂ ಇಲ್ಲ. ಗೆದ್ದವನೇ ಅದನ್ನು ಬರೆಸಿದ ಒಂದು ದಾಖಲೆ ನಮ್ಮಲ್ಲಿದೆ. ಅಶೋಕನ 13ನೇ ಬಂಡೆಶಾಸನ ಕಳಿಂಗದ ಲೆಕ್ಕ ಕೊಡುತ್ತದೆ: ಹೊತ್ತೊಯ್ದವರು ಒಂದೂವರೆ ಲಕ್ಷ, ಅಲ್ಲಿ ಹತರಾದವರು ಒಂದು ಲಕ್ಷ, ಅದರ ಹಲವು ಪಟ್ಟು ಸತ್ತವರು. ಅದರಿಂದ ತನಗಾದ ನೋವನ್ನೂ ಹೇಳುತ್ತದೆ. ಆದರೆ ಅಶೋಕ ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಕಳಿಂಗದೊಳಗೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ 13ನೇ ಶಾಸನವನ್ನು ಕೆತ್ತಿಸಿಲ್ಲ. ಆ ಜಾಗದಲ್ಲಿ ಅಲ್ಲಿನ ಅಧಿಕಾರಿಗಳಿಗೆ ಬರೆದ ಎರಡು ಪ್ರತ್ಯೇಕ ಶಾಸನಗಳಿವೆ: ಎಲ್ಲ ಜನರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ, ಇದು ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಅಧಿಕಾರಿಯನ್ನು ಕಳಿಸುತ್ತೇನೆ.